ಹವಳದೊಳಗಿನ ಹಸಿರು

ನರಸಿಂಹಯ್ಯನವರಿಗೆ ತಾಹೆರಾಳನ್ನು ಕಂಡರೆ ಆಗುತ್ತಿರಲಿಲ್ಲ. ತಾಹೆರಾಳಿಗೂ ಅಷ್ಟೇ, ಅವರ ಕೆಮ್ಮು ಕೇಳಿಸಿದರೂ ಮೈ ಉರಿಯುತ್ತಿತ್ತು. ಇಬ್ಬರೂ ಪಾಠ ಹೇಳುತ್ತಿದ್ದದ್ದು ಹೆಬ್ಬಾಳ ದಾಟಿ ಕೊಡಿಗೇಹಳ್ಳಿಯ ಹತ್ತಿರ, ದೊಡ್ಡಮುನಿಯಪ್ಪನವರು ತಮ್ಮ ದ್ರಾಕ್ಷಿ ತೋಟದಲ್ಲಿ ಅರ್ಧ ಬಿಟ್ಟುಕೊಟ್ಟು ಕಟ್ಟಿಸಿದ ಕಾಲೇಜಿನಲ್ಲಿ. ಅಲ್ಲಿ ಪ್ರಯೋಗಾಲಯ ಅಂತ ಇದ್ದದ್ದು ಉದ್ದನೆಯದೊಂದು ಹೆಂಚಿನ ಕೊಠಡಿ. ಅದರ ಒಂದು ತುದಿಯಲ್ಲಿ ಪ್ರಾಣಿಶಾಸ್ತ್ರ, ಇನ್ನೊಂದು ತುದಿಯಲ್ಲಿ ಸಸ್ಯಶಾಸ್ತ್ರ. ನಡುವೆ ಒಂದೇ ನಲ್ಲಿ, ಒಂದೇ ತೊಟ್ಟಿ. ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಒಬ್ಬರ ಕಣ್ಣಿಗೆ ಒಬ್ಬರು ಬೀಳುತ್ತಲೇ ಇರಬೇಕು.

ಜಗಳ ಹುಟ್ಟಿದ್ದು ಎಲ್ಲಿ ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತಿದ್ದರು. ತಾಹೆರಾಳ ಕೆಲಸ ತಮ್ಮ ಅಕ್ಕನ ಮಗನಿಗೆ ಸಿಗಬೇಕಿತ್ತು ಎಂಬುದು ನರಸಿಂಹಯ್ಯನವರ ಹೊಟ್ಟೆಯೊಳಗಿನ ಮಾತು. ಬಾಯಿಬಿಟ್ಟು ಹೇಳುತ್ತಿದ್ದದ್ದು, "ಆಕೆಗೆ ಹಿರಿಯರು ಕಿರಿಯರು ಅನ್ನೋದು ಗೊತ್ತಿಲ್ಲ" ಎಂದು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲೇ ತಾಹೆರಾ ಅವರ ಮ್ಯೂಸಿಯಂ ಕಪಾಟಿಗೆ ಕೈಹಾಕಿದ್ದಳು. ಬಾಟಲಿಯಲ್ಲಿಟ್ಟ ಹಾವುಗಳು, ಆಡಿನ ಅಸ್ಥಿಪಂಜರ, ಬಗೆಬಗೆಯ ಚಿಪ್ಪುಗಳು, ಎಲ್ಲವನ್ನೂ ಅವರು ವರ್ಷಾನುಗಟ್ಟಲೆ ತಾವೇ ತಿರುಗಿ ಕೂಡಿಹಾಕಿದ್ದರು. ಅದರ ಚೀಟಿಗಳಲ್ಲಿ ಲ್ಯಾಟಿನ್ ಹೆಸರು ತಪ್ಪಿದೆಯೆಂದು ಆಕೆ ಕೆಂಪು ಪೆನ್ಸಿಲಿನಲ್ಲಿ ತಿದ್ದಿ, ವಿದ್ಯಾರ್ಥಿಗಳಿಗೆ, "ಈಗ ಬರ್ಕೊಳ್ಳಿ, ಇದು ಸರಿಯಾದದ್ದು" ಅಂದಳು. ನರಸಿಂಹಯ್ಯನವರು ಹಿಂದೆಯೇ ನಿಂತಿದ್ದರು. ಆಕೆಗೆ ಅದು ಗೊತ್ತಿತ್ತು.

ತಾಹೆರಾ ಯಶವಂತಪುರದ ಸುಣ್ಣದ ಭಟ್ಟಿ ಲಾಲ್ ಸಾಬರ ಮಗಳು. ಮದರಾಸಿನ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಎಂ.ಎಸ್ಸಿ. ಓದಿದವಳು. ಓದಿಸಿದ್ದು ಸಾಕು, ಮದುವೆ ಮಾಡಿ ಎಂದು ಮನೆಗೆ ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಅವರ ಬಾಯಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಅವಳ ನಾಲಗೆ ಹರಿತವಾಗಿತ್ತು. ಮನೆಯಲ್ಲಿ ಬಿಡುವ ಬಾಣವನ್ನೇ ಅವಳು ಕಾಲೇಜಿನಲ್ಲೂ ಬಿಡುತ್ತಿದ್ದಳು.

ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಭಟ್ಟಿಗೆ ತೂತುಕುಡಿ ಕಡೆಯಿಂದ ಲಾರಿಯಲ್ಲಿ ಹವಳದ ಕಲ್ಲು ಬಂತು. ಸಮುದ್ರದೊಳಗೆ ಹವಳದ ಹುಳುಗಳು ಕಟ್ಟಿದ ದಿಣ್ಣೆಗಳನ್ನು ಅಲ್ಲಿ ಬಂಡೆಯ ಹಾಗೆ ಒಡೆದು ಮಾರುತ್ತಾರೆ. ಸುಟ್ಟರೆ ಎಲೆಯಡಿಕೆಗೆ ಹಾಕಿಕೊಳ್ಳುವಂಥ ನುಣುಪಾದ ಸುಣ್ಣ ಬರುತ್ತದೆ. ಆಳುಗಳು ಸುತ್ತಿಗೆಯಿಂದ ಕಲ್ಲು ಒಡೆಯುತ್ತಿದ್ದರು. ತಾಹೆರಾ ಅಪ್ಪನಿಗೆ ಚಹಾ ತಂದವಳು ಒಡೆದ ಹೋಳೊಂದನ್ನು ಕಂಡು ಅಲ್ಲೇ ನಿಂತಳು. ಹೊರಗೆಲ್ಲ ಕಂದು, ಒಳಗೆ ಬಿಳಿ. ಆ ಬಿಳಿಯಲ್ಲಿ, ಮೇಲ್ಮೈಯಿಂದ ಒಂದು ಬೆರಳಿನಷ್ಟು ಕೆಳಗೆ, ಪಂಚೆಯ ಅಂಚಿನ ಹಾಗೆ ಉದ್ದಕ್ಕೂ ಒಂದು ಹಸಿರು ಪಟ್ಟೆ.

"ಅಬ್ಬಾ, ಇದೇನಿದು?"

"ಪಾಚಿ ಬೇಟಿ. ಬೆಂಕಿಗೆ ಹಾಕಿದ್ರೆ ಹೋಗ್ತದೆ."

ಕಲ್ಲಿನ ಮೇಲೆ ಪಾಚಿ ಕಟ್ಟುವುದು ಎಲ್ಲರಿಗೂ ಗೊತ್ತು. ಕಲ್ಲಿನ ಒಳಗೆ, ಗಾಳಿ ಬೆಳಕು ಹೋಗದ ಕಡೆ ಅದಕ್ಕೇನು ಕೆಲಸ? ಮದರಾಸಿನಲ್ಲಿ ಯಾರೋ ಮೇಷ್ಟರು, ಸುಣ್ಣ ಕೊರೆದು ಬದುಕುವ ಪಾಚಿಗಳೂ ಉಂಟು ಎಂದು ಪಾಠದ ಮಧ್ಯೆ ಒಂದೇ ವಾಕ್ಯ ಹೇಳಿ ಮುಂದೆ ಹೋಗಿದ್ದು ಅವಳಿಗೆ ನೆನಪಾಯಿತು. ಕಾಲೇಜಿನ ಪುಸ್ತಕಗಳನ್ನೆಲ್ಲ ಹುಡುಕಿದಳು, ಅದರ ಸುದ್ದಿಯೇ ಇರಲಿಲ್ಲ. ಯಾರೂ ನೋಡದ್ದನ್ನು ತಾನು ನೋಡುತ್ತಿದ್ದೇನೆ ಎಂಬ ಹುರುಪು ಅವಳಿಗೆ ಆಗಲೇ ಹತ್ತಿತು.

ಅವಳ ಅಕ್ಕ ಫರೀದಾಳ ಗಂಡ ಮಂಜೂರ್ ಅದೇ ಲಾರಿಯ ಡ್ರೈವರು. ಮುಂದಿನ ಲೋಡಿನ ಜೊತೆ ಅವನು, ನಾದಿನಿ ಹೇಳಿದ ಹಾಗೆ, ಒಂದು ಇಡೀ ಹವಳವನ್ನು ಸೀಮೆಎಣ್ಣೆ ಡಬ್ಬ ತುಂಬ ಸಮುದ್ರದ ನೀರಿನಲ್ಲಿ ಮುಳುಗಿಸಿ ತಂದುಕೊಟ್ಟ. ದೊಡ್ಡ ತಂಬಿಗೆಯಷ್ಟು ದಪ್ಪದ ದುಂಡನೆಯ ಕಲ್ಲು. ಅಷ್ಟು ದೂರ ಬರುವುದರೊಳಗೆ ಮೇಲಿನ ಹವಳ ಸತ್ತು ನಾರುತ್ತಿತ್ತು. ತಾಹೆರಾ ಅದನ್ನು ಕಾಲೇಜಿಗೆ ಒಯ್ದು, ದೊಡ್ಡ ಗಾಜಿನ ಜಾಡಿಯಲ್ಲಿಟ್ಟು, ಬಡಗಣ ಕಿಟಕಿಯ ಹತ್ತಿರ ಕಂದು ಕಾಗದ ಮರೆಮಾಡಿ ಕಾದಳು. ವಾರ ಕಳೆದ ಹಾಗೆ ಕಲ್ಲಿನ ಬಿಳಿಯ ಒಳಗಿಂದ ಹಸಿರು ಮೇಲಕ್ಕೆ ಏರುತ್ತ ಬಂತು.

ನರಸಿಂಹಯ್ಯನವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದರು. ಆಗ ತಾಹೆರಾಳ ತರಗತಿ ನಡೆಯುತ್ತಿತ್ತು.

"ಇದೇನಮ್ಮ ಇದು, ಮೀನು ಮಾರ್ಕೆಟ್ಟು ಮಾಡಿದ್ದೀರಲ್ಲ."

"ಹವಳ ಸರ್."

"ಹವಳ ಅಂತ ನನಗೆ ನೀವು ಹೇಳಿಕೊಡಬೇಕಾ? ಹವಳ ಪ್ರಾಣಿ. ಪ್ರಾಣಿ ಅಂದ್ರೆ ನನ್ನ ಡಿಪಾರ್ಟ್ಮೆಂಟು. ನನ್ನ ಕೇಳದೆ ಹೇಗೆ ತಂದ್ರಿ?"

"ಪ್ರಾಣಿ ಸತ್ತಿದೆ ಸರ್. ಒಳಗೆ ಬದುಕಿರೋದು ಸಸ್ಯ. ಅದು ನನ್ನ ಡಿಪಾರ್ಟ್ಮೆಂಟು."

ಹಿಂದಿನ ಬೆಂಚಿನವರು ನಕ್ಕರು. ನರಸಿಂಹಯ್ಯನವರ ಕಿವಿ ಕೆಂಪಾಯಿತು. ಕರವಸ್ತ್ರ ತೆಗೆದು ಜಾಡಿಯತ್ತ ಬಾಗಿ ನೋಡಿದರು.

"ಸತ್ತ ಮೇಲೆ ಕಟ್ಟಿರೋ ಪಾಚಿ. ನಮ್ಮ ಬಚ್ಚಲುಮನೇಲೂ ಕಟ್ಟುತ್ತೆ. ಬನ್ನಿ ತೋರಿಸ್ತೀನಿ."

"ಬದುಕಿದ್ದಾಗಲೇ ಒಳಗಿತ್ತು ಸರ್. ಮೇಲಿನ ಹವಳ ದಾಟಿ ಬರೋ ಚೂರುಪಾರು ಬೆಳಕೇ ಇದಕ್ಕೆ ಸಾಕು. ಹವಳ ಸತ್ತಿದ್ದಕ್ಕೆ ಬೆಳಕು ಜಾಸ್ತಿ ಬಿತ್ತು, ಪಾಚಿ ಹೆಚ್ಚಾಯ್ತು. ಒಂದು ಚೂರು ಆಸಿಡ್‌ನಲ್ಲಿ ಹಾಕಿ ಸುಣ್ಣ ಕರಗಿಸಿದರೆ ಎಳೆ ಎಳೆಯಾಗಿ ಉಳ್ಕೊಳ್ಳುತ್ತೆ. ಯೂನಿವರ್ಸಿಟಿಯವರು ತಪಾಸಣೆಗೆ ಬರ್ತಾರಲ್ಲ, ಅವರ ಮುಂದೇನೇ ಒಡೆದು ತೋರಿಸ್ತೀನಿ. ನೀವೂ ಬನ್ನಿ, ಕಲ್ತುಕೋಬಹುದು."

ಆ ಕೊನೆಯ ಮಾತು ಬೇಕಿರಲಿಲ್ಲ. ಆಡುವಾಗಲೇ ಅವಳಿಗೆ ಅದು ಗೊತ್ತಿತ್ತು, ಆದರೂ ಆಡಿದಳು. ಆಡಿದ್ದು ಬಾಯಿಗೆ ರುಚಿಯಾಗಿಯೇ ಇತ್ತು.

ದಸರಾ ರಜೆ ಮುಗಿಸಿ ಬಂದಾಗ ಜಾಡಿ ತೊಳೆದು ಬೋರಲು ಹಾಕಿತ್ತು. ಕಲ್ಲು ಇರಲಿಲ್ಲ. ತೊಟ್ಟಿಯ ಸುತ್ತ ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುತ್ತಿತ್ತು.

ಪ್ರಯೋಗಾಲಯ ಗುಡಿಸಿ, ಪಾತ್ರೆ ತೊಳೆಯುತ್ತಿದ್ದವಳು ಕೊಡಿಗೇಹಳ್ಳಿಯ ಮುನಿಕೃಷ್ಣಮ್ಮ. ತಾಹೆರಾ ಅವಳನ್ನು ಜಗಲಿಯಲ್ಲಿ ತಡೆದು ನಿಲ್ಲಿಸಿದಳು.

"ಜಾಡೀಲಿದ್ದ ಕಲ್ಲು ಏನ್ ಮಾಡ್ದೆ?"

"ತೊಳ್ದೆ ಕಣಮ್ಮ. ನಾರ್ತಿತ್ತು."

"ಯಾರನ್ನ ಕೇಳಿ ತೊಳ್ದೆ?"

ಮುನಿಕೃಷ್ಣಮ್ಮ ಪೊರಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಮಾತಾಡಲಿಲ್ಲ. ಆ ಮೌನವನ್ನು ತಾಹೆರಾ ಪೊಗರು ಎಂದುಕೊಂಡಳು. ವಿದ್ಯಾರ್ಥಿಗಳು ಓಡಾಡುವ ಜಾಗವೆಂಬುದನ್ನೂ ನೋಡದೆ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ದನ ಕಾಯೋದು ಬಿಟ್ಟು ಇಲ್ಲಿಗ್ಯಾಕೆ ಬಂದೆ ಅಂದಳು. ಅಷ್ಟಕ್ಕೂ ಬಿಡದೆ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ, ಒಂದೋ ಆ ಹೆಂಗಸು ಪ್ರಯೋಗಾಲಯದಲ್ಲಿರಬೇಕು, ಇಲ್ಲ ತಾನಿರಬೇಕು ಎಂದಳು. ಪ್ರಿನ್ಸಿಪಾಲರು ಜಗಳಕ್ಕೆ ಹೆದರುವ ಮನುಷ್ಯ. ಮುನಿಕೃಷ್ಣಮ್ಮನನ್ನು ಕೆಲಸದಿಂದ ನಿಲ್ಲಿಸಿ ಮನೆಗೆ ಕಳಿಸಿದರು.

ಮರುದಿನ ತಾಹೆರಾ ನಲ್ಲಿಯ ಹತ್ತಿರ ಕೈ ತೊಳೆಯುತ್ತ ತಲೆಯೆತ್ತಿದಾಗ ಮ್ಯೂಸಿಯಂ ಕಪಾಟಿನ ಗಾಜಿನ ಹಿಂದೆ ಕಲ್ಲು ಕಾಣಿಸಿತು. ಮಲ್ಲಿಗೆಯಷ್ಟು ಬೆಳ್ಳಗೆ, ಕಪ್ಪು ಬಟ್ಟೆ ಹೊದಿಸಿದ ಮಣೆಯ ಮೇಲೆ ಕೂತಿತ್ತು. ಕೆಳಗೆ ದುಂಡಗಿನ ಅಕ್ಷರದ ಚೀಟಿ: ಹವಳ. ಸಂಗ್ರಹ, ಎನ್. ನರಸಿಂಹಯ್ಯ.

ನರಸಿಂಹಯ್ಯನವರು ಮೇಜಿನ ಮುಂದೆ ಕೂತು ಕಪ್ಪೆಯೊಂದನ್ನು ಹಲಗೆಗೆ ಸೂಜಿ ಚುಚ್ಚಿ ಸಿಕ್ಕಿಸುತ್ತಿದ್ದರು.

"ಅದು ನನ್ನ ಕಲ್ಲು" ಎಂದಳು ತಾಹೆರಾ.

"ನಾರೋ ಹೊಲಸನ್ನ ಯಾರಾದರೂ ಇಟ್ಕೋತಾರೇನಮ್ಮ? ಮುನಿಕೃಷ್ಣಮ್ಮನಿಗೆ ನಾನೇ ಹೇಳಿದ್ದು. ಪೌಡರಲ್ಲಿ ನೆನೆಹಾಕಿ ಉಜ್ಜು, ಬೆಳ್ಳಗಾಗೋವರೆಗೂ ಬಿಡಬೇಡ ಅಂತ. ಈಗ ನೋಡಿ, ಎಷ್ಟು ಲಕ್ಷಣವಾಗಿದೆ. ನೀವು ನನಗೆ ಥ್ಯಾಂಕ್ಸ್ ಹೇಳಬೇಕು."

"ಅವಳನ್ನ ಕೆಲಸದಿಂದ ತೆಗೆದಾಗ ಯಾಕೆ ಬಾಯಿಬಿಡಲಿಲ್ಲ?"

"ತೆಗೆಸಿದ್ದು ನಾನಲ್ಲವಲ್ಲ" ಎಂದು ಅವರು ಇನ್ನೊಂದು ಸೂಜಿ ಎತ್ತಿಕೊಂಡರು.

ಆ ಸಂಜೆಯೇ ತಾಹೆರಾ ಪ್ರಿನ್ಸಿಪಾಲರಿಗೆ ವಿಷಯ ಹೇಳಿ, ಮುನಿಕೃಷ್ಣಮ್ಮನನ್ನು ಮತ್ತೆ ಕರೆಸಲು ಒಪ್ಪಿಸಿ, ಕೊಡಿಗೇಹಳ್ಳಿಗೆ ನಡೆದುಕೊಂಡು ಹೋದಳು. ಮುನಿಕೃಷ್ಣಮ್ಮ ಮನೆಯ ಮುಂದೆ ಹುರುಳಿ ಕೇರುತ್ತಿದ್ದಳು. ಕೂತ್ಕೊಳ್ಳಿ ಎನ್ನಲಿಲ್ಲ. ಮೊರವನ್ನೂ ಕೆಳಗಿಡಲಿಲ್ಲ.

"ತಪ್ಪಾಯ್ತು ಮುನಿಕೃಷ್ಣಮ್ಮ. ನರಸಿಂಹಯ್ಯನವರು ಹೇಳಿದ್ದು ಅಂತ ನೀನು ಅವತ್ತೇ ಯಾಕೆ ಹೇಳಲಿಲ್ಲ?"

"ಏಳಿದ್ರೆ ಅವರು ಬಿಡ್ತಿದ್ರಾ? ಏಳ್ದೆ ಇದ್ದಿದ್ದಕ್ಕೆ ನೀವು ಬಿಟ್ರಾ?" ಮುನಿಕೃಷ್ಣಮ್ಮ ಹೊಟ್ಟು ಹಾರಿಸಿದಳು. ಅದು ತಾಹೆರಾಳ ಸೀರೆಯ ಮೇಲೆ ಬಿತ್ತು. "ನಿಮ್ ಕಲ್ಲು, ನಿಮ್ ಜಗಳ. ನೀವಿಬ್ರೂ ಓದಿರೋರು. ನಡೂಕೆ ನನ್ನನ್ನ ದನ ಕಾಯೋಳು ಅಂದ್ರಿ, ಮಕ್ಕಳ ಮುಂದೆ."

"ಸಿಟ್ಟಲ್ಲಿ ಅಂದುಬಿಟ್ಟೆ."

"ಸಿಟ್ಟಲ್ಲೇ ಒಳಗಿರೋದು ಆಚೆ ಬರೋದು. ನಾಳೆ ಕೆಲ್ಸಕ್ಕೆ ಬತ್ತೀನಿ. ಇನ್ನು ನೀವು ಓಗಿ, ಒತ್ತಾಯ್ತದೆ."

ಬಳ್ಳಾರಿ ರಸ್ತೆಯವರೆಗೂ ಬಸ್ಸಿಗಾಗಿ ನಡೆಯುವಾಗ ತಾಹೆರಾಳಿಗೆ ಮುಖವೆಲ್ಲ ಉರಿಯುತ್ತಿತ್ತು. ತನ್ನ ಮೇಲೆ ಹುಟ್ಟಿದ ಹೇಸಿಗೆ ಹೆಬ್ಬಾಳದ ಕೆರೆ ಏರಿ ಬರುವುದರೊಳಗೆ ನರಸಿಂಹಯ್ಯನವರ ಕಡೆಗೆ ತಿರುಗಿತು. ಅವರಿಲ್ಲದಿದ್ದರೆ ತಾನು ಆ ಮಾತು ಆಡುತ್ತಲೇ ಇರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಯಶವಂತಪುರದಲ್ಲಿ ಇಳಿಯುವಾಗ ಅದನ್ನು ನಂಬಿಯೂ ಬಿಟ್ಟಿದ್ದಳು.

ತಪಾಸಣೆಯ ತಂಡ ಬಂದ ದಿನ ಬಾಗಿಲಿಗೆಲ್ಲ ಮಾವಿನ ತೋರಣ. ದೊಡ್ಡಮುನಿಯಪ್ಪನವರು ಜರಿ ಪೇಟ ಸುತ್ತಿಕೊಂಡು, ಅತಿಥಿಗಳ ಜೊತೆ ಒಂದೊಂದೇ ಕೋಣೆ ನೋಡುತ್ತ ಬಂದರು. ತಂಡದಲ್ಲಿ ಮದರಾಸಿನಿಂದ ಕರೆಸಿದ ಮುದುಕರೊಬ್ಬರಿದ್ದರು, ಸಸ್ಯಶಾಸ್ತ್ರದಲ್ಲಿ ಪಳಗಿದವರು. ಮೈಸೂರಿನಲ್ಲಿ ಬಹಳ ಕಾಲ ಪಾಠ ಮಾಡಿದ್ದರಿಂದ ಕನ್ನಡ ಚೆನ್ನಾಗಿ ಆಡುತ್ತಿದ್ದರು. ನರಸಿಂಹಯ್ಯನವರು ಅವರನ್ನು ಕಪಾಟಿನ ಮುಂದೆ ನಿಲ್ಲಿಸಿಕೊಂಡು ಹಾವು, ಚಿಪ್ಪು ಎಲ್ಲ ತೋರಿಸಿದರು. ಕೊನೆಗೆ ಹವಳದ ಹತ್ತಿರ ಬಂದು, ಇದು ತಮ್ಮ ಇತ್ತೀಚಿನ ಸಂಗ್ರಹ ಎಂದರು.

"ಸರ್, ಕಪಾಟಿನ ಬೀಗ ತೆಗೀರಿ" ಎಂದಳು ತಾಹೆರಾ.

"ಆಮೇಲೆ ನೋಡೋಣಮ್ಮ."

"ಬೀಗ ತೆಗೀರಿ. ಅದರೊಳಗೆ ಏನಿದೆ ಅಂತ ಇವರಿಗೆ ತೋರಿಸ್ಬೇಕು."

"ಮ್ಯೂಸಿಯಂ ವಸ್ತು ಮುಟ್ಟೋ ಹಾಗಿಲ್ಲ" ಎಂದು ನರಸಿಂಹಯ್ಯನವರು ಅತಿಥಿಗಳ ಕಡೆ ತಿರುಗಿ ನಕ್ಕರು. "ನಮ್ಮ ಮೇಡಂ ಇನ್ನೂ ಚಿಕ್ಕವರು."

ಆ ನಗು ಕಂಡಮೇಲೆ ತಾಹೆರಾ ಹಿಂದುಮುಂದು ನೋಡಲಿಲ್ಲ. ಬಾಗಿಲ ಚಿಲಕವನ್ನು ಎಳೆದ ರಭಸಕ್ಕೆ ಕಪಾಟಿನ ಹಳೆಯ ಮರ ಬಿರಿದು ಬೀಗ ಕಿತ್ತು ಬಂತು. ಬಾಟಲಿಯೊಂದು ಉರುಳಿ ಒಡೆದು, ಅದರೊಳಗಿನ ಹಾವು ನೆಲದ ಮೇಲೆ ಬಿದ್ದುಕೊಂಡಿತು. ಅವಳು ಕಲ್ಲನ್ನು ಎರಡು ಕೈಯಲ್ಲಿ ಎತ್ತಿ ತೊಟ್ಟಿಯ ಕಲ್ಲುಗಟ್ಟೆಗೆ ಅಪ್ಪಳಿಸಿದಳು. ಎರಡನೇ ಏಟಿಗೆ ಅದು ಹೋಳಾಯಿತು.

ಮೇಲಿನ ಪಟ್ಟೆ ಬಿಳಿಚಿ ಹೋಗಿತ್ತು. ಬ್ಲೀಚಿಂಗ್ ಪೌಡರು ಅಲ್ಲಿಯವರೆಗೂ ಇಳಿದಿತ್ತು. ಆದರೆ ಅದರ ಕೆಳಗೆ ಇನ್ನೊಂದು ಪಟ್ಟೆಯಿತ್ತು, ಮಾಸಲು ಹಸಿರು. ತಾಹೆರಾ ಅಲ್ಲಿಂದ ಒಂದು ಚಕ್ಕೆ ಕೆತ್ತಿ, ಗಾಜಿನ ಬಿಲ್ಲೆಯ ಮೇಲಿಟ್ಟು ಆಸಿಡ್ ಹನಿಸಿದಳು. ನೊರೆ ಎದ್ದಿತು. ಸುಂಯ್ ಎಂಬ ಸದ್ದು ಬಂತು. ನೊರೆ ಅಡಗಿದಾಗ ಕಲ್ಲಿನ ಚಕ್ಕೆ ಇರಲಿಲ್ಲ. ಅದೇ ಆಕಾರದಲ್ಲಿ, ಹಿಂಜಿದ ಹತ್ತಿಯ ಹಾಗೆ, ಹಸಿರೆಳೆಗಳ ಒಂದು ಮುದ್ದೆ ನೀರಿನಲ್ಲಿ ಅಲ್ಲಾಡುತ್ತಿತ್ತು.

ಮದರಾಸಿನವರು ಕನ್ನಡಕ ಹಣೆಗೇರಿಸಿ, ಮಸೂರ ಹಿಡಿದು ನೋಡಿದರು. ತಾಹೆರಾ ಅವರ ಮುಖವನ್ನೇ ನೋಡುತ್ತ ನಿಂತಳು.

"ಹೌದು" ಎಂದರು. "ಆಸ್ಟ್ರಿಯೋಬಿಯಂ. ಮೊದಲು ಚಿಪ್ಪುಗಳಲ್ಲಿ ಕಂಡರು, ಆಮೇಲೆ ಹವಳದಲ್ಲೂ ಕಂಡರು. ಎಪ್ಪತ್ತು ವರ್ಷದಿಂದ ಗೊತ್ತಿರೋದೇ ಇದು."

"ಎಪ್ಪತ್ತು ವರ್ಷ" ಎಂದಳು ತಾಹೆರಾ.

"ಹೆಚ್ಚೇ ಇರಬೇಕು. ನೀವು ಮಾಡಿ ತೋರಿಸಿದ್ದು ಸರಿಯಾಗಿದೆ. ಆದರೆ ಇದಕ್ಕೋಸ್ಕರ ಬೀಗ ಒಡೆಯೋ ಅವಶ್ಯಕತೆ ಏನಿತ್ತು?" ಎಂದವರು ನರಸಿಂಹಯ್ಯನವರ ಕಡೆ ತಿರುಗಿದರು. "ನೀವು? ಜೀವ ಇರೋ ಹವಳದ ಕಲ್ಲನ್ನ ಬ್ಲೀಚ್ ಮಾಡಿಸಿದ್ರಾ? ಒಳಗೇನಿದೆ ಅಂತ ನೋಡಬೇಕು ಅನ್ನಿಸಲಿಲ್ವಾ ನಿಮಗೆ?"

ನರಸಿಂಹಯ್ಯನವರು ಬಗ್ಗಿ, ಒದ್ದೆ ನೆಲದ ಮೇಲಿನ ಹಾವನ್ನು ಎರಡು ಕೈಯಲ್ಲಿ ಎತ್ತಿಕೊಂಡರು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತರು. ತಾಹೆರಾಳಿಗೆ ಅದು ಕಾಣಿಸಿತು, ಅಯ್ಯೋ ಎನ್ನಿಸಲಿಲ್ಲ.

ಅತಿಥಿಗಳು ಹೋದ ಮೇಲೆ ದೊಡ್ಡಮುನಿಯಪ್ಪನವರು ಪೇಟ ತೆಗೆದು ಮಂಡಿಯ ಮೇಲಿಟ್ಟುಕೊಂಡು ಇಬ್ಬರನ್ನೂ ಕರೆಸಿದರು. ಕೆಲಸ ಬಿಡಿಸುತ್ತಾರೆ ಎಂದೇ ತಾಹೆರಾ ಅಂದುಕೊಂಡಿದ್ದಳು. ಆದರೆ ವರ್ಷದ ನಡುವೆ ಅವಳ ಜಾಗಕ್ಕೆ ಇನ್ನೊಬ್ಬರನ್ನು ಎಲ್ಲಿಂದ ತರುವುದು? ನರಸಿಂಹಯ್ಯನವರ ಅಕ್ಕನ ಮಗ ಅಷ್ಟರಲ್ಲಿ ಬ್ಯಾಂಕಿಗೆ ಸೇರಿಯಾಗಿತ್ತು.

"ಒಂದು ಕಲ್ಲಿಗೆ ಇಬ್ರೂ ಒಡೆದಾಡ್ಕೊಂಡು ಕಾಲೇಜಿನ ಮಾನ ಕಳೆದ್ರಿ" ಎಂದರು. "ನಮ್ಮೂರಲ್ಲಿ ಅಣ್ಣ ತಮ್ಮ ಇಂಗೆ ಆಡಿದ್ರೆ ಏನ್ ಮಾಡ್ತೀವಿ ಗೊತ್ತಾ? ನಡುಮನೇಲಿ ಗೋಡೆ ಎತ್ತುತೀವಿ. ನಾಳೆ ಗಾರೆಯವರು ಬತ್ತಾರೆ."

ಗೋಡೆ ಎದ್ದಿತು. ನಲ್ಲಿ, ತೊಟ್ಟಿ ನರಸಿಂಹಯ್ಯನವರ ಪಾಲಿಗೆ ಹೋದವು. ತಾಹೆರಾಳ ವಿದ್ಯಾರ್ಥಿಗಳು ಬಾವಿಯಿಂದ ನೀರು ಹೊತ್ತು ತಂದರು. ನೀರಿಗಾಗಿ ಗೋಡೆಯಾಚೆ ಒಂದು ಮಾತು ಕೇಳುವ ಬದಲು ಅವಳು ತಾನೂ ಬಿಂದಿಗೆ ಹೊತ್ತಳು. ಆ ಕಡೆಯ ಕಿಟಕಿಯ ಬುಡಕ್ಕೆ ಹಬ್ಬುವ ಬಳ್ಳಿಯೊಂದನ್ನು ನೆಟ್ಟಳು. ಮೂರು ಮಳೆಗಾಲದಲ್ಲಿ ಅದು ದಟ್ಟವಾಗಿ ಹಬ್ಬಿ, ನರಸಿಂಹಯ್ಯನವರು ಹಗಲಲ್ಲೇ ದೀಪ ಹಾಕಿಕೊಂಡು ಪಾಠ ಮಾಡಬೇಕಾಯಿತು. ಅವರು ಅದನ್ನು ಕಡಿಸಿದರು. ಅವಳು ಮತ್ತೆ ನೆಟ್ಟಳು. ಹಬ್ಬಹರಿದಿನಗಳಲ್ಲಿ ಸಿಬ್ಬಂದಿಯೆಲ್ಲ ಕೂತು ತಿಂಡಿ ತಿನ್ನುವಾಗ ಅವರು ಒಂದು ಬಾಗಿಲಿನಿಂದ ಬಂದರೆ ಅವಳು ಇನ್ನೊಂದು ಬಾಗಿಲಿನಿಂದ ಹೋಗುತ್ತಿದ್ದಳು.

ಮುನಿಕೃಷ್ಣಮ್ಮನನ್ನು ಪ್ರಿನ್ಸಿಪಾಲರು ಯಾವ ಕಡೆ ಇರುತ್ತೀ ಎಂದು ಕೇಳಿದ್ದರು. ಅವಳು ನರಸಿಂಹಯ್ಯನವರ ಕಡೆ ಎಂದಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಕೇಳದೆಯೂ ತಾಹೆರಾಳಿಗೆ ತಿಳಿಯುತ್ತಿತ್ತು. ಎದುರಿಗೆ ಸಿಕ್ಕಾಗಲೆಲ್ಲ ಮುನಿಕೃಷ್ಣಮ್ಮ ಮರ್ಯಾದೆಯಿಂದಲೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ಬೈಗುಳವಾಗಿದ್ದರೆ ಸಹಿಸಬಹುದಿತ್ತು.

ಒಂದು ವಿಷಯದಲ್ಲಿ ಮಾತ್ರ ತಾಹೆರಾ ಯಾರಿಗೂ ಸೋಲಲಿಲ್ಲ. ಎಪ್ಪತ್ತು ವರ್ಷದ ಹಳೆಯ ಸಂಗತಿಯಾದರೇನು, ಪ್ರತಿ ವರ್ಷ ಅಪ್ಪನ ಭಟ್ಟಿಯಿಂದ ಹೊಸ ಹವಳದ ಹೋಳುಗಳನ್ನು ತಂದು, ಪ್ರತಿ ತಂಡದ ವಿದ್ಯಾರ್ಥಿಗಳಿಗೂ ಸುಣ್ಣ ಕರಗಿಸಿ ತೋರಿಸಿದಳು. ಪಠ್ಯದಲ್ಲಿ ಅದು ಇರಲಿಲ್ಲ, ಪರೀಕ್ಷೆಗೂ ಬರುತ್ತಿರಲಿಲ್ಲ. ಮೊದಮೊದಲು ಗೋಡೆಯಾಚೆಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳುತ್ತಿದ್ದಳು. ಬರಬರುತ್ತ ಆ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದರಲ್ಲೇ ಮನಸ್ಸು ನೆಟ್ಟು, ದನಿ ತಾನಾಗಿ ತಗ್ಗಿತು.

ಅರವತ್ತೈದನೇ ಇಸವಿಯಲ್ಲಿ ನರಸಿಂಹಯ್ಯನವರು ನಿವೃತ್ತರಾದರು. ಬೀಳ್ಕೊಡುಗೆಗೆ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ತಾಹೆರಾ ಹೋಗಲಿಲ್ಲ. ಅದೇ ಹೊತ್ತಿಗೆ ತರಗತಿ ಇಟ್ಟುಕೊಂಡಳು. ಹುಡುಗಿಯೊಬ್ಬಳು ಸ್ಪಿರಿಟ್ ದೀಪದ ಪಕ್ಕದಲ್ಲಿ ಗಾಜಿನ ಬಿಲ್ಲೆಗೆ ಆಸಿಡ್ ಹನಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

ನರಸಿಂಹಯ್ಯನವರು ನಿಂತಿದ್ದರು. ಕೊರಳಲ್ಲಿ ಸೇವಂತಿಗೆ ಹಾರ. ಗೋಡೆ ಎದ್ದ ಮೇಲೆ ಅವರು ಈ ಕಡೆಗೆ ಕಾಲಿಟ್ಟವರಲ್ಲ. ಈಗಲೂ ಹೊಸ್ತಿಲು ದಾಟಲಿಲ್ಲ. ಅವರ ಕಣ್ಣು ಬಿಲ್ಲೆಯ ಮೇಲಿತ್ತು. ನೊರೆ ಅಡಗುವವರೆಗೂ, ಎಳೆಗಳು ಬಿಡಿಸಿಕೊಳ್ಳುವವರೆಗೂ ನೋಡುತ್ತ ನಿಂತರು. ವಿದ್ಯಾರ್ಥಿಗಳು ಅವರನ್ನೊಮ್ಮೆ ಇವಳನ್ನೊಮ್ಮೆ ನೋಡಿದರು. ಒಂದು ಮಾತು ಸಾಕಿತ್ತು. ಬನ್ನಿ ಸರ್ ಎಂದರೆ ಅವರು ಬರುತ್ತಿದ್ದರು ಎಂದು ತಾಹೆರಾಳಿಗೆ ಖಚಿತವಾಗಿ ಗೊತ್ತಿತ್ತು.

"ಹೋಗೋವಾಗ ಬಾಗಿಲು ಮುಂದೆ ಮಾಡಿ ಸರ್" ಎಂದಳು. "ದೀಪಕ್ಕೆ ಗಾಳಿ ಹೊಡೀತಿದೆ."

ನರಸಿಂಹಯ್ಯನವರು ತಲೆಯಾಡಿಸಿದರು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು. ಹೊರಗೆ ಯಾರೋ ಅವರ ಹೆಸರು ಕರೆಯುತ್ತಿದ್ದರು, ಚಪ್ಪಾಳೆ ಬಿತ್ತು. ತಾಹೆರಾ ಮುಂದಿನ ಹುಡುಗಿಯನ್ನು ಕರೆದು, ಚಕ್ಕೆಯನ್ನು ಎಲ್ಲಿಂದ ಕೆತ್ತಬೇಕೆಂದು ತೋರಿಸತೊಡಗಿದಳು.